ಪಂಪಿನ ದೋಣಿ ಮುಳುಗಿದ ಮಧ್ಯಾಹ್ನ

ಬೆಸ್ತರ ಮಂಚಯ್ಯನ ದೋಣಿ ನೀರಿನ ತಳದಲ್ಲಿತ್ತು.

ಮೊದಲು ನೋಡಿದವನು ಹರಿಗೋಲಿನ ಕೆಂಚಯ್ಯ. ಆಚೆ ದಡದಿಂದ ಮೂವರನ್ನು ಕೂರಿಸಿಕೊಂಡು ರಾಮನಾಥಪುರದ ಕಡೆಗೆ ಬರುತ್ತಿದ್ದ. ಸೂರ್ಯ ನೆತ್ತಿಯ ಮೇಲಿದ್ದ. ಬೇಸಿಗೆಯ ಕಾವೇರಿ ಗಾಜಿನಂತೆ ತಿಳಿಯಾಗಿತ್ತು. ಮರಳ ದಿಣ್ಣೆಯ ಪಕ್ಕ, ಎದೆಮಟ್ಟದ ನೀರಿನೊಳಗೆ, ದೋಣಿಯ ಅಂಚು ಕಂಡಿತು. ಅದರ ನಡುವೆ ಇಂಜಿನ್ನು. ಇಂಜಿನ್ನಿನ ಪಕ್ಕ ಹೊಸ ಪಂಪು. ಹಿಂದಿನ ದಿನವಷ್ಟೇ ಊರಿಗೆ ಊರೇ ಬಂದು ನೋಡಿ ಹೋಗಿದ್ದ ಪಂಪು.

ಕೆಂಚಯ್ಯ ಹರಿಗೋಲನ್ನು ದಡಕ್ಕೆ ಎಳೆದವನೇ ಊರೊಳಗೆ ಓಡಿದ.

ಅದು ಸಾವಿರದ ಒಂಬೈನೂರ ನಲವತ್ತನೆಯ ಇಸವಿಯ ಏಪ್ರಿಲ್ ತಿಂಗಳು. ಕೊಣನೂರು ಠಾಣೆಯ ದಫೇದಾರ ಗಂಗಯ್ಯ ಆ ದಿನ ಯಾರಿಗೋ ಸಮನ್ಸು ಕೊಡಲು ಸೈಕಲ್ಲಿನಲ್ಲಿ ರಾಮನಾಥಪುರಕ್ಕೆ ಬಂದಿದ್ದರು. ನಿವೃತ್ತಿಗೆ ಒಂದು ವರ್ಷವಿತ್ತು. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ಮೂಗಿನ ಮೇಲೆ ಹೊಸ ಕನ್ನಡಕ ಕುಳಿತಿತ್ತು. ಈ ಕನ್ನಡಕ ಬರುವ ಮುಂಚೆ ಒಂದು ವರ್ಷ ಅವರು ತಮಗೆ ಅಕ್ಷರ ಕಾಣುತ್ತಿಲ್ಲವೆಂಬುದನ್ನು ಮೇಲಿನವರಿಂದ ಮುಚ್ಚಿಟ್ಟಿದ್ದರು. ಕಾಗದ ಬಂದರೆ, 'ನೀನೇ ಓದಯ್ಯ, ನಿನಗೂ ಅಭ್ಯಾಸ ಆಗಲಿ' ಎಂದು ಕಾನ್‌ಸ್ಟೇಬಲ್ಲಿಗೆ ಕೊಡುತ್ತಿದ್ದರು.

ಸುದ್ದಿ ಕೇಳಿ ಹೊಳೆಗೆ ಬಂದರು. ದಡದಲ್ಲಿ ಜನ ಸೇರಿತ್ತು. ಪಂಪಿನ ಯಜಮಾನ, ಚನ್ನರಾಯಪಟ್ಟಣದ ನೇಮಿರಾಜ, ಸೀಮೆಎಣ್ಣೆಯ ಡಬ್ಬ ಹಿಡಿದುಕೊಂಡು ನೀರನ್ನೇ ನೋಡುತ್ತ ನಿಂತಿದ್ದ. ಇನ್ನೂ ಮೂವತ್ತು ದಾಟದ ಹುಡುಗ. ಈಗಷ್ಟೇ ಕೊಣನೂರಿನ ಬಸ್ಸಿನಿಂದ ಇಳಿದಿದ್ದ. ಡಬ್ಬವನ್ನು ಕೆಳಗಿಡಬೇಕೆಂಬುದೂ ಅವನಿಗೆ ಹೊಳೆದಿರಲಿಲ್ಲ.

\* \* \*

ನೇಮಿರಾಜನದು ತನ್ನೂರಿನ ತೆಂಗಿನಕಾಯಿ ಮಂಡಿಯ ಹಿಂದಿನ ಬೀದಿಯಲ್ಲಿ ಇಂಜಿನ್ನು ರಿಪೇರಿಯ ಸಣ್ಣ ಅಂಗಡಿ. ಕಾವೇರಿಯ ಎರಡೂ ದಡದಲ್ಲಿ ಹೊಗೆಸೊಪ್ಪಿನ ಸಸಿಮಡಿಗಳಿವೆ, ಬೇಸಿಗೆಯಲ್ಲಿ ಅವುಗಳಿಗೆ ನೀರು ಹೊರುವುದೇ ದೊಡ್ಡ ಪಾಡು ಎಂದು ಕೇಳಿ ಅವನಿಗೆ ಒಂದು ಯೋಚನೆ ಬಂದಿತ್ತು. ಭಾರದ ಇಂಜಿನ್ನನ್ನು ಮಡಿಯಿಂದ ಮಡಿಗೆ ಹೊತ್ತು ತಿರುಗುವ ಬದಲು, ಅದನ್ನು ಒಂದು ದೋಣಿಯಲ್ಲಿ ಕೂರಿಸಿಬಿಟ್ಟರೆ? ದೋಣಿ ಹೋದಲ್ಲೆಲ್ಲ ಪಂಪು ಹೋಗುತ್ತದೆ.

ಅದಕ್ಕಾಗಿ ಮಂಚಯ್ಯನ ಮೀನು ಹಿಡಿಯುವ ದೋಣಿಯನ್ನು ಗೊತ್ತುಮಾಡಿಕೊಂಡ. ಹದಿನೈದು ದಿನ ಕೆಲಸ ನಡೆಯಿತು. ನೇಮಿರಾಜ ದೋಣಿಯ ತಳದಲ್ಲಿ ಎರಡು ತೂತು ಕೊರೆದ. ದೊಡ್ಡದರಿಂದ ಪಂಪು ಹೊಳೆಯ ನೀರನ್ನು ಹೀರಬೇಕು. ಹೆಬ್ಬೆರಳು ಗಾತ್ರದ ಇನ್ನೊಂದರಿಂದ ಇಂಜಿನ್ನನ್ನು ತಣ್ಣಗಿಡುವ ನೀರು ಬರಬೇಕು. ಎರಡಕ್ಕೂ ಹಿತ್ತಾಳೆಯ ಬಾಯಿ ಕೂರಿಸಿ, ಸೆಣಬು ಸುತ್ತಿ, ರಾಳ ಮೆತ್ತಿದ. ಪಾಚಿ, ಮೀನುಮರಿ ಒಳಗೆ ಬಾರದಂತೆ ಹೊರಗಡೆ ಜರಡಿ. ಬೇಕಾದಾಗ ನೀರು ನಿಲ್ಲಿಸಲು ಒಳಗಡೆ ತಿರುಗಿಸುವ ವಾಲ್ವು. ದೊಡ್ಡ ವಾಲ್ವಿನಿಂದ ಪಂಪಿಗೆ ರಬ್ಬರು ಕೊಳವೆ, ಅದನ್ನು ಬಿಗಿಹಿಡಿಯಲು ಸ್ಕ್ರೂ ಹಾಕಿದ ಉಕ್ಕಿನ ಪಟ್ಟಿ. ಜಿನುಗಿದ ನೀರನ್ನು ಎತ್ತಿ ಹಾಕಲು ಹಿಂಭಾಗದಲ್ಲಿ ಒಂದು ಕೈಪಂಪು. ದೋಣಿ ಮುಳುಗಿದ ದಿನದ ಮಾರನೆಯ ಬೆಳಿಗ್ಗೆ ಅದು ಬಂಡೆಗಳ ನಡುವೆ ಇಳಿದು ಆಚೆ ದಡದ ಮಡಿಗಳಿಗೆ ಹೋಗುವುದೆಂದು ಮಾತಾಗಿತ್ತು.

ಗಂಗಯ್ಯನವರು ಬೂಟು ಬಿಚ್ಚಿ ನೀರಿಗಿಳಿದರು. ನೇಮಿರಾಜ ಮುಳುಗು ಹಾಕಿ, ತಳವನ್ನೆಲ್ಲ ಕೈಯಲ್ಲಿ ತಡವಿ ಮೇಲೆದ್ದ. ಅವನ ಮುಖದಲ್ಲಿ ಇಳಿಯುತ್ತಿದ್ದುದು ಹೊಳೆಯ ನೀರೊಂದೇ ಆಗಿರಲಿಲ್ಲ.

"ತಾನಾಗಿ ಕಳಚಿಕೊಂಡಿಲ್ಲ ಸಾರ್. ಪಟ್ಟಿಯ ಸ್ಕ್ರೂ ಬಿಚ್ಚಿದಾರೆ. ಕೊಳವೆ ಎಳೆದು ಪಕ್ಕಕ್ಕಿಟ್ಟಿದಾರೆ. ಎರಡು ವಾಲ್ವೂ ಪೂರ್ತಿ ತೆಗೆದಿದೆ."

ಯಾರ ಮೇಲೆ ಅನುಮಾನ ಎಂದು ಗಂಗಯ್ಯ ಕೇಳಿದರು. ನೇಮಿರಾಜ ಯಾರ ಮೇಲೂ ಇಲ್ಲವೆಂದು ತಲೆಯಾಡಿಸಿದ. ಆದರೆ ದಡದಲ್ಲಿದ್ದ ಪಟೇಲರಿಗೆ ಅನುಮಾನವೇ ಇರಲಿಲ್ಲ. ಅವರಾಗಲೇ ಬೆಟ್ಟಮ್ಮನನ್ನು ಕರೆಸಿ ಚಾವಡಿಯಲ್ಲಿ ಕೂರಿಸಿದ್ದರು.

\* \* \*

ಬೆಟ್ಟಮ್ಮ ಹತ್ತು ಹೆಂಗಸರ ಮುಂದಾಳು. ದಿನವೂ ಹೊಳೆಯಿಂದ ಕಡಿದಾದ ದಡ ಹತ್ತಿ ಸಸಿಮಡಿಗಳಿಗೆ ನೀರು ಹೊರುವುದು ಅವರ ಕೂಲಿ. ಪಂಪು ಬಂದರೆ ಈ ಹತ್ತು ಮನೆಯ ಗತಿ ಏನು ಎಂದು ಅವಳು ಹಿಂದಿನ ದಿನ ಎಲ್ಲರೆದುರು ಕೇಳಿದ್ದಳು. ಈ ಇಂಜಿನ್ನು ಹೊಳೆ ಪಾಲಾಗಲಿ ಎಂದೂ ಅಂದಿದ್ದಳು. ಅದು ಹತ್ತಾರು ಜನರ ಕಿವಿಗೆ ಬಿದ್ದಿತ್ತು. ಸಾಲದ್ದಕ್ಕೆ ಕೆಂಚಯ್ಯನ ಸಾಕ್ಷಿ ಬೇರೆ. ಸೂರ್ಯ ನೆತ್ತಿಗೆ ಬರುವ ಸ್ವಲ್ಪ ಮುಂಚೆ, ಕಂಕುಳಲ್ಲಿ ಬಿಂದಿಗೆ ಇಟ್ಟುಕೊಂಡ ಒಬ್ಬ ಹೆಂಗಸು ಮರಳ ದಿಣ್ಣೆಯ ಕಡೆಯಿಂದ ನಡೆದುಹೋಗಿದ್ದನ್ನು ಅವನು ಆಚೆ ದಡದಿಂದ ನೋಡಿದ್ದ. ಯಾರೆಂದು ಅಷ್ಟು ದೂರದಿಂದ ಗೊತ್ತಾಗಿರಲಿಲ್ಲ.

ಗಂಗಯ್ಯ ಚಾವಡಿಗೆ ಹೋದರು. ಬೆಟ್ಟಮ್ಮ ಕಂಬಕ್ಕೆ ಒರಗದೆ ನೆಟ್ಟಗೆ ಕುಳಿತಿದ್ದಳು.

"ಬಾಯಲ್ಲಿ ಅಂದಿದ್ದು ನಿಜ ಸಾ. ಕೈಯಲ್ಲಿ ಮಾಡ್ಲಿಲ್ಲ."

ಮಧ್ಯಾಹ್ನ ಎಲ್ಲಿದ್ದೆ ಎಂದರೆ, ಒಬ್ಬಳೇ ಮನೆಯಲ್ಲಿ ಮಲಗಿದ್ದೆ ಎಂದಳು. ಅದಕ್ಕೆ ಸಾಕ್ಷಿ ಇರಲಿಲ್ಲ. ಸಂಜೆಯೊಳಗೆ ಇವಳನ್ನು ಅರಕಲಗೂಡಿನ ಲಾಕಪ್ಪಿಗೆ ಕಳಿಸಿಬಿಡಿ ಎಂದು ಪಟೇಲರು ಅವಸರ ಮಾಡಿದರು. ಮೊದಲು ದೋಣಿ ಮೇಲೆ ಬರಲಿ ಎಂದರು ಗಂಗಯ್ಯ.

ಹಗ್ಗ ಕಟ್ಟಿ ಹನ್ನೆರಡು ಜನ ಎಳೆದರು. ಅಂಚು ನೀರಿನಿಂದ ಮೇಲೆ ಬರುತ್ತಲೇ ನೇಮಿರಾಜ ಎರಡೂ ವಾಲ್ವು ಮುಚ್ಚಿದ. ಕೈಪಂಪು ಹೊಡೆದರು. ಒಳಗಿನ ನೀರು ಇಳಿಯಿತು. ಇಂಜಿನ್ನು ಪೂರ್ತಿ ಕಾಣಿಸಿಕೊಂಡಿತು.

ನೇಮಿರಾಜ ಅದರ ಮುಂದೆ ಮಂಡಿಯೂರಿ ಕುಳಿತು ಒಂದೊಂದೇ ಭಾಗವನ್ನು ಮುಟ್ಟಿ ನೋಡಿದ.

ಗಾಳಿ ಒಳಗೆ ಹೋಗುವ ಬಾಯಿಗೆ ಬಟ್ಟೆ ತುರುಕಿತ್ತು. ಹೊಗೆ ಕೊಳವೆಗೂ ಬಟ್ಟೆ. ಎಣ್ಣೆ ಹಾಕುವ ಬಾಯಿಗೆ ಬಟ್ಟೆ ಸುತ್ತಿ ದಾರ ಕಟ್ಟಿತ್ತು. ಕಿಡಿ ಹುಟ್ಟಿಸುವ ಮ್ಯಾಗ್ನೆಟೋವನ್ನು ಎಳೆಗೂಸಿಗೆ ಸುತ್ತುವ ಹಾಗೆ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿತ್ತು. ಎಲ್ಲದರ ಮೇಲೂ ರಾಳ ಮತ್ತು ಹರಳೆಣ್ಣೆ ಕಲಸಿ ಬೆರಳಿನಿಂದ ಮೆತ್ತಿದ ಗುರುತು. ಗಂಗಯ್ಯ ಒಂದು ಬಟ್ಟೆಯ ಚೂರನ್ನು ಬಿಡಿಸಿ ಬಿಸಿಲಿಗೆ ಹಿಡಿದರು. ಒಗೆದು ಒಗೆದು ಮೆತ್ತಗಾದ ಕೆಂಪು ನೂಲಿನ ಬಟ್ಟೆ.

ಹಾಗಾದರೆ ಇದು ಈ ಹುಡುಗನದೇ ಕೆಲಸ ಎಂದು ಪಟೇಲರು ದಿಕ್ಕು ಬದಲಿಸಿದರು. ಇಂಜಿನ್ನಿನ ಬಾಯಿ ಎಲ್ಲೆಲ್ಲಿದೆ ಎಂಬುದು ಇವನಿಗಲ್ಲದೆ ಮತ್ಯಾರಿಗೆ ಗೊತ್ತು? ಮಾಡಿದ್ದಕ್ಕೆ ಕಾರಣ ಮಾತ್ರ ಅವರಿಗೂ ತೋಚಲಿಲ್ಲ.

ಗಂಗಯ್ಯ ಬೆಳಿಗ್ಗೆ ದೋಣಿ ಎಲ್ಲಿತ್ತು ಎಂದು ಕೇಳಿದರು. ನೇಮಿರಾಜ ಕೈ ತೋರಿಸಿದ. ಕೆಳಗಡೆ, ಬಂಡೆಯ ನೆರಳಿನ ಮಡುವಿನಲ್ಲಿ. ಅಲ್ಲಿ ಎರಡಾಳು ಆಳ. ಅಲ್ಲೇ ಮುಳುಗಿಸಿದ್ದರೆ ದೋಣಿ ಸುಲಭಕ್ಕೆ ಮೇಲೆ ಬರುತ್ತಿರಲಿಲ್ಲ. ಮುಳುಗಿಸಿದವರು ಅದನ್ನು ಕಟ್ಟು ಬಿಚ್ಚಿ, ಹೊಳೆಗೆ ಎದುರಾಗಿ ಮೇಲಕ್ಕೆ ತಳ್ಳಿಕೊಂಡು ಬಂದು, ಮರಳಿರುವ ಜಾಗ ನೋಡಿ ಮುಳುಗಿಸಿದ್ದರು.

"ನಿನಗೆ ದೋಣಿ ನಡೆಸೋಕೆ ಬರುತ್ತೇನಪ್ಪ?"

"ಇಲ್ಲ ಸಾರ್. ಒಂದು ಸಲ ದೋಣಿ ತಳ್ಳೋ ಗಳ ಹಿಡಿದು ನೋಡಿದೆ. ಗಳ ಅಲ್ಲೇ ನಿಂತ್ಕೊಂಡ್ತು, ನಾನು ನೀರಿಗೆ ಬಿದ್ದೆ."

ಅಲ್ಲಿ ಇಲ್ಲಿ ಒಂದಿಬ್ಬರು ನಕ್ಕರು. ಅದನ್ನು ಅವರೇ ನೋಡಿದ್ದರಂತೆ. ಬೆಟ್ಟಮ್ಮನೂ ಗಳ ಹಿಡಿದವಳಲ್ಲ. ಕೆಂಚಯ್ಯನಿಗೆ ಬರುತ್ತದೆ, ಆದರೆ ಬೆಳಿಗ್ಗೆಯಿಂದ ಅವನು ಆಚೆ ದಡದಲ್ಲಿದ್ದ, ಜೊತೆಗೆ ಜನವಿತ್ತು. ಗಂಗಯ್ಯ ಬೂಟು ಕೈಯಲ್ಲಿ ಹಿಡಿದುಕೊಂಡು ಮಂಚಯ್ಯನ ಗುಡಿಸಲ ಕಡೆಗೆ ನಡೆದರು.

\* \* \*

ದೋಣಿಯ ಯಜಮಾನನನ್ನು ದಡದಲ್ಲಿ ಅವರು ಇನ್ನೂ ನೋಡಿರಲಿಲ್ಲ. ತನ್ನ ದೋಣಿ ಮುಳುಗಿದೆ ಎಂದು ಗೊತ್ತಾದ ಮೇಲೂ ಒಬ್ಬ ಬೆಸ್ತ ಮನೆಯಲ್ಲಿ ಕುಳಿತಿದ್ದಾನೆ ಎಂದರೆ ಏನರ್ಥ?

ದೋಣಿ ಕಟ್ಟುವ ಗೂಟದಿಂದ ಗುಡಿಸಲಿನವರೆಗೆ ಸೊಂಟದ ಎತ್ತರಕ್ಕೆ ಒಂದು ಹಗ್ಗ ಕಟ್ಟಿತ್ತು. ಬಲೆ ಒಣಗಿಸಲು ಇರಬೇಕು ಎಂದುಕೊಂಡು ಗಂಗಯ್ಯ ಅದರ ಪಕ್ಕದಲ್ಲೇ ನಡೆದರು. ಆದರೆ ಬಲೆಗಳು ಬೇರೆ ಕಡೆ, ಬಿದಿರು ಗಳುಗಳ ಮೇಲೆ ಒಣಗುತ್ತಿದ್ದವು. ಹಗ್ಗದ ಮೇಲೆ ಒಂದು ಎಳೆಯೂ ಇರಲಿಲ್ಲ. ಅದು ಮಾತ್ರ ಅಂಗೈ ಉಜ್ಜಿ ಉಜ್ಜಿ ಉದ್ದಕ್ಕೂ ನುಣುಪಾಗಿತ್ತು.

ಮಂಚಯ್ಯ ಗುಡಿಸಲೊಳಗೆ ಬಲೆ ಹೆಣೆಯುತ್ತ ಕುಳಿತಿದ್ದ. ಅರವತ್ತರ ಮೇಲಿನ ವಯಸ್ಸು, ಕಲ್ಲು ಕಡೆದ ಹಾಗಿನ ಭುಜ. ಗಂಗಯ್ಯ ಬಾಗಿಲಲ್ಲಿ ನಿಂತರು. ಬರಿಗಾಲು, ಸದ್ದಿಲ್ಲ. ಅವನು ತಲೆ ಎತ್ತಲಿಲ್ಲ. ಗಂಗಯ್ಯ ಕೆಮ್ಮಿದ ಮೇಲೆ ಬೆಚ್ಚಿ, ಯಾರದು ಎಂದ.

ದಫೇದಾರರೆಂದು ತಿಳಿದು ಎದ್ದು ನಿಂತ. ಗಂಗಯ್ಯ ನಡೆದಿದ್ದನ್ನೆಲ್ಲ ಹೇಳಿದರು. ಬೆಟ್ಟಮ್ಮನನ್ನು ಚಾವಡಿಯಲ್ಲಿ ಕೂರಿಸಿದ್ದಾರೆ, ಸಂಜೆಗೆ ಅರಕಲಗೂಡಿಗೆ ಒಯ್ಯಬೇಕಾಗಬಹುದು ಎಂದರು. ಮಂಚಯ್ಯ ಬಲೆ ಹೆಣೆಯುವ ಕಡ್ಡಿಯನ್ನು ಪಕ್ಕಕ್ಕಿಟ್ಟ.

"ಆಯಮ್ಮನ್ನ ಬುಟ್ಬುಡಿ ಸಾ. ನಾನೇ ಕಣ್ ಸಾ ಮುಳುಗ್ಸಿದ್ದು."

"ನೀನಾ? ಯಾಕೆ ಮಂಚಣ್ಣ?"

"ತೂತು ಕೊರ್ದಿದ್ದು ಯಾಕೋ ಸರಿ ಬರ್ನಿಲ್ಲ. ಒಟ್ಟೆ ಉರೀತು. ಮುಳುಗುಸ್ಬುಟ್ಟೆ."

ಗಂಗಯ್ಯ ಬಾಗಿಲ ಬೆಳಕಿಗೆ ಬೆನ್ನು ಹಾಕಿ ನಿಂತಿದ್ದರು. ಜೇಬಿನಿಂದ ಆ ಬಟ್ಟೆಯ ಚೂರನ್ನು ತೆಗೆದು ಅವನ ಮುಖದೆದುರು, ಒಂದು ಮಾರು ದೂರದಲ್ಲಿ ಹಿಡಿದರು. ಇಂಜಿನ್ನಿನ ಬಾಯಿಗೆ ತುರುಕಿದ್ದು ಇದೇ ಬಟ್ಟೆಯೇನು, ಸರಿಯಾಗಿ ನೋಡಿ ಹೇಳು ಎಂದರು.

ಮಂಚಯ್ಯ ನೋಡಿದ. ಅವನ ಕಣ್ಣು ಬಟ್ಟೆಯ ಮೇಲಲ್ಲ, ಗಂಗಯ್ಯನವರ ಧ್ವನಿಯ ಮೇಲಿತ್ತು.

"ಊ ಸಾ, ಅದೇಯ. ನನ್ ಹಳೇ ಪಂಚೆ ಚೂರು."

ಗಂಗಯ್ಯ ಬಟ್ಟೆ ಹಿಡಿದ ಕೈಯನ್ನು ಇಳಿಸಿದರು. ಇಷ್ಟು ವರ್ಷದ ನೌಕರಿಯಲ್ಲಿ ಸುಳ್ಳು ಹೇಳುವವರನ್ನು ಬೇಕಾದಷ್ಟು ನೋಡಿದ್ದರು. ಹೀಗೆ ಬಣ್ಣವೂ ತಿಳಿಯದೆ ಸುಳ್ಳು ಹೇಳುವವನನ್ನು ನೋಡಿರಲಿಲ್ಲ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಮಂಚಯ್ಯನ ಹೆಂಡತಿ ದೊಡ್ಡತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಚಾವಡಿಗೆ ಹೋಗಲೆಂದು ಹೊರಟು, ದಫೇದಾರರು ಇತ್ತ ಬಂದರೆಂದು ತಿಳಿದು ಅರ್ಧ ದಾರಿಯಿಂದ ತಿರುಗಿ ಬಂದಿದ್ದಳು. ಉಸಿರು ಏರಿಳಿಯುತ್ತಿತ್ತು. ದಫೇದಾರರ ಕಡೆ ಅವಳು ನೋಡಲಿಲ್ಲ. ಗಂಡನ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು:

"ಅದು ಕೆಂಪು ಬಟ್ಟೆ. ನನ್ ಸೀರೆ."

ಮಂಚಯ್ಯ ನೆಲ ತಡವಿ ಕುಳಿತ.

"ನಿಂಗೆ ಗೊತ್ತಿತ್ತಾ?" ಎಂದ.

"ಎಲ್ಡು ವರ್ಸದಿಂದ."

\* \* \*

ಆಮೇಲೆ ಎಲ್ಲವೂ ಹೊರಬಂತು. ಗಂಗಯ್ಯ ಗುಡಿಸಲ ನೆಲದ ಮೇಲೆ ಕುಳಿತು ಕೇಳಿದರು. ತಾವು ಊಹಿಸಿದ್ದನ್ನೂ ಹೇಳಿದರು.

ಮಂಚಯ್ಯನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಮಸುಕು, ಆಮೇಲೆ ಮಬ್ಬು, ಈಗ ಬೆಳಕು ನೆರಳು ಮಾತ್ರ. ಅವನು ಯಾರಿಗೂ ಹೇಳಲಿಲ್ಲ. ಹುಟ್ಟಿದಾಗಿನಿಂದ ಬಲ್ಲ ಹೊಳೆ, ಬಲ್ಲ ದೋಣಿ. ಕೈ ಕಾಲಿನ ಅಂದಾಜಿನಲ್ಲೇ ಮನೆ ಮುಂದಿನ ಮಡುವಿನಲ್ಲಿ ಬಲೆ ಬೀಸುತ್ತಿದ್ದ, ದೂರ ಹೋಗುವುದನ್ನು ಬಿಟ್ಟಿದ್ದ. ಹೆಂಡತಿಗೆ ಗೊತ್ತಾಗಿಲ್ಲ ಎಂದುಕೊಂಡಿದ್ದ. ಅವಳು ಗೊತ್ತಾಗಿದೆ ಎಂದು ತೋರಿಸಿಕೊಂಡಿರಲಿಲ್ಲ. ಬಲೆ ಒಣಗಿಸಲು ಎಂದು ಹೇಳಿ ಗೂಟದಿಂದ ಮನೆಯವರೆಗೆ ಹಗ್ಗ ಕಟ್ಟಿದವಳು ಅವಳೇ. ಬಲೆಯಿಲ್ಲದ ಆ ಹಗ್ಗ ನುಣುಪಾಗಿದ್ದು ನೋಡಿಯೇ, ಈ ಮನೆಯಲ್ಲಿ ಒಬ್ಬರಿಗೆ ಕಣ್ಣು ಕಾಣುವುದಿಲ್ಲ, ಇನ್ನೊಬ್ಬರಿಗೆ ಅದು ಗೊತ್ತಿದೆ ಎಂದು ಗಂಗಯ್ಯನವರಿಗೆ ಅನ್ನಿಸಿತ್ತು.

ಪಂಪಿನ ಮಾತು ಬಂದಾಗ ಮಂಚಯ್ಯ ಒಪ್ಪಿಕೊಂಡುಬಿಟ್ಟ. ದೋಣಿ ನನ್ನದು, ನಡೆಸುವವನೂ ನಾನೇ ಎಂದ. ಬಂಡೆಗಳ ನಡುವೆ ದೋಣಿ ಇಳಿಸಬೇಕು, ಅದರಲ್ಲಿ ನೇಮಿರಾಜನ ಜೊತೆ ಇನ್ನೂ ನಾಲ್ಕು ಜನ ಇರುತ್ತಾರೆ ಎಂದು ಕೇಳಿದಾಗ ದೊಡ್ಡತಾಯಮ್ಮನ ಎದೆ ಒಡೆಯಿತು. ಬೇಡ ಎಂದು ಹೇಳಿ ನೋಡಿದಳು. ಅವನು ನಕ್ಕುಬಿಟ್ಟ. ನಿನಗೆ ಕಣ್ಣಿಲ್ಲ ಎಂದು ಗಂಡನ ಮುಖಕ್ಕೆ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ದೋಣಿ ಮುಳುಗಿಸುವ ಧೈರ್ಯ ಬಂತು.

ಇಂಜಿನ್ನಿನ ಯಾವ್ಯಾವ ಬಾಯಿಗೆ ನೀರು ಹೋಗಬಾರದು ಎಂದು ನೇಮಿರಾಜ ಮಂಚಯ್ಯನಿಗೆ ಬಿಡಿಸಿ ಹೇಳುವಾಗ ಅವಳು ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಕೇಳಿದ್ದನ್ನು ಮರೆತಿರಲಿಲ್ಲ. ಆ ಹುಡುಗನ ಸಾಮಾನು ಹಾಳಾಗಬಾರದು. ಸೀರೆ ಹರಿದಳು. ಬಟ್ಟೆ, ರಾಳ, ಎಣ್ಣೆ, ಸ್ಕ್ರೂ ಬಿಚ್ಚಲು ಮೀನು ಹೆರೆಯುವ ಕತ್ತಿ, ಎಲ್ಲವನ್ನೂ ಬಿಂದಿಗೆಯೊಳಗಿಟ್ಟುಕೊಂಡು, ನೇಮಿರಾಜ ಕೊಣನೂರಿಗೆ ಹೋದ ಹೊತ್ತು ನೋಡಿ ಹೊರಟಳು. ಗಳ ಹಿಡಿಯುವುದು ಅವಳಿಗೆ ಹೊಸದಲ್ಲ. ಅಂಬಿಗನ ಮಗಳು. ಯಾರು ಮುಳುಗಿಸಿದರೆಂದು ತಿಳಿಯುವುದಿಲ್ಲ, ದೋಣಿ ಸರಿ ಮಾಡುವಷ್ಟರಲ್ಲಿ ಇಂಜಿನ್ನು ಬೇರೆ ಯಾರದೋ ದೋಣಿಗೆ ಹೋಗುತ್ತದೆ ಎಂದು ಅವಳ ಲೆಕ್ಕ. ಬೆಟ್ಟಮ್ಮನ ತಲೆಗೆ ಬರುತ್ತದೆ ಎಂದು ಹೊಳೆದಿರಲಿಲ್ಲ.

ದೋಣಿಯನ್ನು ಮರಳಿಗೆ ತಂದವರು ಅದು ಮತ್ತೆ ಮೇಲೆ ಬರಲಿ ಎಂದೇ ತಂದಿದ್ದಾರೆ, ಇದು ಹಗೆಯ ಕೆಲಸವಲ್ಲ ಎಂದು ಆಗಲೇ ತಿಳಿಯಿತು ಎಂದರು ಗಂಗಯ್ಯ. ಗಳ ಬಲ್ಲವರು, ಇಂಜಿನ್ನಿನ ಬಾಯಿ ಬಲ್ಲವರು, ಕೆಂಪು ಸೀರೆ ಇರುವವರು. ಮೂರೂ ಒಂದೇ ಮನೆಗೆ ಬಂದು ನಿಂತವು.

ಆಮೇಲೆ ಮಂಚಯ್ಯನ ಕಡೆಗೆ ತಿರುಗಿ, ನೀನು ಯಾಕೆ ತಪ್ಪೊಪ್ಪಿಕೊಂಡೆ ಎಂದು ಕೇಳಿದರು.

"ಇವ್ಳು ಮದ್ಯಾನ ಮನೆಗ್ ಬಂದಾಗ ಸೀರೆಯಿಂದ ನೀರ್ ತೊಟ್ಟಿಕ್ತಿತ್ತು ಸಾ. ಕೇಳುಸ್ತು. ಕೈಯಲ್ಲಿ ಅಳ್ಳೆಣ್ಣೆ ವಾಸ್ನೆ. ಯಾಕ್ ಮಾಡಿದ್ಲೋ ತಿಳೀನಿಲ್ಲ. ಇವ್ಳು ಮಾಡಿದ್ರೆ ಅದ್ಕೊಂದು ಕಾರ್ಣ ಇರ್ತದೆ."

ದೊಡ್ಡತಾಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

\* \* \*

ಕಾನೂನಿನ ಮಾತು ಬೇರೆ ಇತ್ತು. ಮುಳುಗಿದ್ದು ನೇಮಿರಾಜನ ಸ್ವತ್ತು. ಅವನು ದೂರು ಕೊಟ್ಟರೆ ದೊಡ್ಡತಾಯಮ್ಮ ಕೋರ್ಟಿಗೆ ಹೋಗಲೇಬೇಕು. ಗಂಗಯ್ಯ ಅವನನ್ನು ಒಂದು ಕಡೆ ಕರೆದು ನಡೆದಿದ್ದನ್ನು ನಡೆದ ಹಾಗೆ ಹೇಳಿದರು. ಮುಚ್ಚಿಡಲಿಲ್ಲ, ಕೇಳಿಕೊಳ್ಳಲೂ ಇಲ್ಲ. ನೇಮಿರಾಜ ತಲೆ ತಗ್ಗಿಸಿ ಕೇಳಿದ. ಆಮೇಲೆ ದೋಣಿಗೆ ಹೋದ. ಒಂದೊಂದೇ ಬಟ್ಟೆಯನ್ನು ಬಿಡಿಸಿದ, ಒರೆಸಿದ, ಒಣಗಿಸಿದ, ಸೀಮೆಎಣ್ಣೆ ತುಂಬಿದ. ಇಂಜಿನ್ನಿನ ಚಕ್ರ ತಿರುಗಿಸಿದ. ಎರಡು ಸಲ ಬರಿದೆ ಕೆಮ್ಮಿತು. ಮೂರನೆಯ ಸಲಕ್ಕೆ ಹೊತ್ತಿಕೊಂಡು ದಡವೆಲ್ಲ ಸದ್ದು ಮಾಡಿತು.

"ನನಗೇನೂ ನಷ್ಟ ಆಗಿಲ್ಲ ಸಾರ್," ಎಂದ ನೇಮಿರಾಜ. "ನನ್ನ ಪ್ರಾಣ ಉಳಿಸಿದವರ ಮೇಲೆ ಏನಂತ ದೂರು ಬರೆದುಕೊಡಲಿ?"

ಆದರೂ ಗಂಗಯ್ಯ ಒಂದನ್ನು ಬಿಡಲಿಲ್ಲ. ದೊಡ್ಡತಾಯಮ್ಮ ಚಾವಡಿಗೆ ಬಂದು ಎಲ್ಲರೆದುರು ತಾನೇ ಮಾಡಿದ್ದು ಎಂದು ಹೇಳಬೇಕು ಎಂದರು. ಅವಳು ಬಂದಳು, ಹೇಳಿದಳು. ಬೆಟ್ಟಮ್ಮನ ಕೈ ಹಿಡಿದು ತಪ್ಪಾಯಿತು ಎಂದಳು. ಬೆಟ್ಟಮ್ಮ ಕೈ ಬಿಡಿಸಿಕೊಂಡಳು. ಮಧ್ಯಾಹ್ನದಿಂದ ಊರವರ ಕಣ್ಣೆದುರು ಕಳ್ಳಿಯ ಹಾಗೆ ಕುಳಿತಿದ್ದ ಸಿಟ್ಟು ಅಷ್ಟು ಬೇಗ ಇಳಿಯುವಂಥದಲ್ಲ. ಆದರೆ ಮೆಟ್ಟಿಲು ಇಳಿಯುವಾಗ ನಿಂತು, ಯಾವ ಕಣ್ಣು, ಎರಡೂನಾ ಎಂದು ಕೇಳಿದಳು. ಎರಡೂ ಎಂದು ತಿಳಿದ ಮೇಲೆ ಮೆಲ್ಲಗೆ ಇಳಿದು ಮನೆಯ ಕಡೆ ನಡೆದಳು.

ಪಂಪಿನ ಕೆಲಸ ಐದು ದಿನ ತಡವಾಗಿ ಶುರುವಾಯಿತು. ಹೆಂಗಸರ ಕೂಲಿ ಹೋಗಲಿಲ್ಲ. ಪಂಪಿನ ನೀರು ನೇರ ಬಿದ್ದರೆ ಎಳೆಯ ಸಸಿ ಕಿತ್ತುಹೋಗುತ್ತದೆ. ದಡದ ಮೇಲೆ ಗುಂಡಿ ತುಂಬಿಸಿ, ಅಲ್ಲಿಂದ ಬಿಂದಿಗೆಯಲ್ಲಿ ಮೊಗೆದು ಚಿಮುಕಿಸಬೇಕು. ಕಡಿದಾದ ದಡ ಹತ್ತುವ ಕಷ್ಟವಷ್ಟೇ ತಪ್ಪಿತು. ದೋಣಿಯ ಗಳ ಹಿಡಿದವಳು ದೊಡ್ಡತಾಯಮ್ಮ. ಮಂಚಯ್ಯ ತಳದ ಹಿತ್ತಾಳೆ ಬಾಯಿಯ ಪಕ್ಕ, ಕೊಳವೆಯ ಮೇಲೆ ಅಂಗೈ ಇಟ್ಟು ಕುಳಿತ. ಜರಡಿಗೆ ಪಾಚಿ ಕಟ್ಟಿಕೊಂಡರೆ, ಪಂಪು ಗಾಳಿ ಹೀರಿದರೆ, ನೇಮಿರಾಜನಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಗಂಗಯ್ಯನವರೇ ಗಂಡಹೆಂಡಿರನ್ನು ಹಾಸನದ ಬಸ್ಸು ಹತ್ತಿಸಿದರು. ದೊಡ್ಡಾಸ್ಪತ್ರೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ಇನ್ನೊಂದು ಆಗುವುದಿಲ್ಲ ಎಂದರು. ಕನ್ನಡಕ ಕೊಡುವ ದಿನ ಕೋರ್ಟಿನ ಕೆಲಸಕ್ಕೆ ಹಾಸನಕ್ಕೆ ಬಂದಿದ್ದ ಗಂಗಯ್ಯನವರೂ ಆಸ್ಪತ್ರೆಗೆ ಹೋದರು. ಜಗುಲಿಯ ಮೇಲೆ ಬೆಳಗಿನ ಬಿಸಿಲು ಹರಡಿತ್ತು. ಮಂಚಯ್ಯ ಬೆಂಚಿನ ಮೇಲೆ ಕುಳಿತಿದ್ದ. ನರ್ಸಮ್ಮ ದಪ್ಪ ಗಾಜಿನ ಕನ್ನಡಕವನ್ನು ಅವನ ಕಿವಿಗೆ ಸಿಕ್ಕಿಸಿ ಹೋದರು.

ಅವನು ಮೊದಲು ತನ್ನ ಕೈ ನೋಡಿಕೊಂಡ. ಆಮೇಲೆ ತಲೆ ಎತ್ತಿದ. ಎದುರಿಗೆ ದೊಡ್ಡತಾಯಮ್ಮ ನಿಂತಿದ್ದಳು. ಬಹಳ ಹೊತ್ತು ಅವಳನ್ನೇ ನೋಡಿದ.

"ನಿನ್ ತಲೆ ಯಾವಾಗ್ ಇಷ್ಟು ಬೆಳ್ಳಗಾಯ್ತು?"

"ನೀನ್ ನೋಡ್ದೆ ಇದ್ದಾಗ," ಎಂದಳು ಅವಳು.

ಗಂಗಯ್ಯ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತ ಜಗುಲಿಯಿಂದ ಇಳಿದು ಹೋದರು.